ಎಡಗಾಲಿ ಕಾಕಾನದು, ಬಲಗಾಲಿ ಅಪ್ಪನದು

ನಮ್ಮ ಮನೆಯಲ್ಲಿ ಅಪ್ಪನ ತಾಟಿಗಾಗಲಿ ಕಾಕಾನ ತಾಟಿಗಾಗಲಿ ಇಡೀ ರೊಟ್ಟಿ ಬಿದ್ದದ್ದನ್ನು ನಾನು ಕಂಡಿರಲಿಲ್ಲ. ಆಯಿ, ಅಂದರೆ ಅಪ್ಪನ ತಾಯಿ, ಹಂಚಿನಿಂದ ಇಳಿದ ಒಂದೊಂದು ರೊಟ್ಟಿಯನ್ನೂ ಎರಡು ಕೈಯಲ್ಲಿ ಹಿಡಿದು ನಟ್ಟನಡುವೆ ಮುರಿಯುತ್ತಿದ್ದಳು. ಒಂದು ಅರ್ಧ ಹಿರಿಯ ಮಗ ಹಣಮಂತನಿಗೆ, ಅಂದರೆ ನನ್ನ ಅಪ್ಪನಿಗೆ, ಇನ್ನೊಂದು ಅರ್ಧ ಕಿರಿಯ ಮಗ ಶಿವಪ್ಪ ಕಾಕಾನಿಗೆ. ಮುರಿಯುವಾಗ ಒಂದು ಕಡೆಯದು ತುಸು ದೊಡ್ಡದಾದರೆ ಅದರ ಅಂಚು ಚಿವುಟಿ ತನ್ನ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ತಾತ ತೀರಿಕೊಂಡ ಮೇಲೆ ಅವಳು ಹಿಡಿದ ಪದ್ಧತಿ ಇದು. ಇಬ್ಬರಿಗೂ ಮಕ್ಕಳಾಗಿದ್ದವು, ಮೀಸೆಯಲ್ಲಿ ಅಲ್ಲಲ್ಲಿ ಬಿಳಿ ಕೂದಲು ಕಾಣಿಸಿತ್ತು. ಆದರೂ ಊಟಕ್ಕೆ ಕುಳಿತಾಗ ಇಬ್ಬರ ಕಣ್ಣೂ ಆಯಿಯ ಹೆಬ್ಬೆರಳಿನ ಮೇಲೆಯೇ ಇರುತ್ತಿತ್ತು. ರೊಟ್ಟಿ ಮುರಿಯುವ ಟಪ್ ಎಂಬ ಸಣ್ಣ ಸದ್ದು ಕೇಳುವ ತನಕ ಯಾರೂ ಮಾತಾಡುತ್ತಿರಲಿಲ್ಲ. ನಾನು ಆ ಸದ್ದನ್ನು ಕೇಳುತ್ತ ಬೆಳೆದವಳು. ಇಂದಿಗೂ ಯಾರಾದರೂ ಒಣ ರೊಟ್ಟಿ ಮುರಿದರೆ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ.

ಮಸರಕಲ್ಲಿನ ಆ ಮನೆ ಮಣ್ಣಿನ ಮಾಳಿಗೆಯದು. ದೊಡ್ಡ ಬಾಗಿಲು ದಾಟಿದರೆ ಮೊದಲು ದನ ಕಟ್ಟುವ ಜಾಗ, ಆಮೇಲೆ ಮೂರು ಮೆಟ್ಟಿಲು ಏರಿದರೆ ಫರಸಿ ಕಲ್ಲು ಹಾಸಿದ ಪಡಸಾಲೆ, ಅದರ ಹಿಂದೆ ಅಡುಗೆ ಮನೆ. ಅಡುಗೆ ಮನೆಗೆ ಮಾಳಿಗೆಯಲ್ಲಿ ಒಂದು ಬೆಳಕಿಂಡಿ. ಮಧ್ಯಾಹ್ನದ ಹೊತ್ತಿಗೆ ಅದರಿಂದ ಇಳಿದ ಬಿಸಿಲು ನೇರ ಒಲೆಯ ಮೇಲೆ ಬೀಳುತ್ತಿತ್ತು. ಮನೆಗೆಲ್ಲ ಒಂದೇ ಒಲೆ. ನನ್ನ ಅವ್ವ ರೊಟ್ಟಿ ಬಡಿದರೆ ಕಾಕಾನ ಹೆಂಡತಿ ಚಿಗವ್ವ ಬೇಯಿಸಬೇಕು, ಚಿಗವ್ವ ಪಲ್ಯಕ್ಕೆ ಕೂತರೆ ಅವ್ವ ಕಾರ ಅರೆಯಬೇಕು. ಇಬ್ಬರೂ ಮಾತು ಬಿಟ್ಟ ದಿನಗಳಲ್ಲಿ ಉಪ್ಪಿನ ಡಬ್ಬಿ ನನ್ನ ಕೈಯಿಂದ ಹಾದು ಹೋಗುತ್ತಿತ್ತು. ಅಂಥ ದಿನ ಆಯಿ ಅಡುಗೆ ಮನೆಯ ಹೊಸ್ತಿಲಲ್ಲಿ ಕುಳಿತು, ಯಾರ ಮುಖವನ್ನೂ ನೋಡದೆ ಗೋಡೆಗೆ ಹೇಳುವಂತೆ ಹೇಳುತ್ತಿದ್ದಳು.

"ಈ ಮನ್ಯಾಗ ಎರಡನೇ ಒಲಿ ಹತ್ತಿದ ದಿನ ನನ್ನ ಹೆಣ ಎತ್ತಾಕ ಮಂದಿ ಕರೀರಿ. ಮೊದಲ ಹೇಳಿಟ್ಟೀನಿ."

ಅವಳು ಬೆದರಿಸಲು ಹೇಳುತ್ತಿರಲಿಲ್ಲ. ನಮ್ಮ ಓಣಿಯಲ್ಲಿ ಒಂದೊಂದೇ ಮನೆಯಲ್ಲಿ ಎರಡನೇ ಒಲೆಯ ಹೊಗೆ ಏಳುವುದನ್ನು ನಾವೆಲ್ಲ ನೋಡಿದ್ದೆವು. ಒಲೆ ಎರಡಾದ ಮೇಲೆ ನಡುವೆ ಗೋಡೆ ಏಳುತ್ತಿತ್ತು, ಗೋಡೆ ಎದ್ದ ಮೇಲೆ ಬೆಳಕಿಂಡಿ ಯಾರ ಕಡೆಗೆ ಎಂದು ಬಡಿದಾಟ. ಮೂರು ವರ್ಷ ಮಾತಾಡದೆ ಒಂದೇ ಬಾಗಿಲಲ್ಲಿ ಓಡಾಡಿದ ಅಣ್ಣತಮ್ಮಂದಿರು ನಮ್ಮ ಎದುರು ಮನೆಯಲ್ಲೇ ಇದ್ದರು. ಆ ಹೆದರಿಕೆಗೆ ಆಯಿ ಕಂಡುಕೊಂಡ ಮದ್ದು ಒಂದೇ: ಎಲ್ಲವನ್ನೂ ಅರ್ಧ ಮಾಡುವುದು. ಬೆಲ್ಲ, ಎಣ್ಣೆ, ಹಬ್ಬದ ಬಟ್ಟೆ, ಕೊನೆಗೆ ಮಾತು ಕೂಡ. ಅಪ್ಪ ಒಂದು ಮಾತಾಡಿದರೆ ಕಾಕಾನಿಗೂ ಒಂದು ಮಾತಾಡಲು ಬಿಡಬೇಕು.

ಅರ್ಧ ಮಾಡಲಾಗದ ವಸ್ತು ಒಂದಿತ್ತು. ಅದು ಟ್ರ್ಯಾಕ್ಟರು. ಅಪ್ಪ ಸಣ್ಣ ಹುಡುಗನಾಗಿದ್ದಾಗಲೇ ತಾತ ಯಾರೋ ದೊಡ್ಡ ರೈತರು ಬಿಟ್ಟ ಹಳೆಯ ಬೂದು ಬಣ್ಣದ ಗಾಡಿಯನ್ನು ತಂದಿದ್ದ. ದೊಡ್ಡ ಬಾಗಿಲಿನ ಚೌಕಟ್ಟು ಕಿತ್ತು ಅಗಲ ಮಾಡಿ, ಎತ್ತು ಕಟ್ಟುತ್ತಿದ್ದ ಜಾಗದಲ್ಲೇ ಅದನ್ನು ನಿಲ್ಲಿಸಿದ್ದರು. ಪಡಸಾಲೆಯಲ್ಲಿ ಮಲಗಿದರೆ ಡೀಸೆಲ್ ವಾಸನೆ, ಸಗಣಿಯ ವಾಸನೆ, ನೆಲದೊಳಗೆ ಜೋಳ ತುಂಬಿಡುವ ಹಗೇವಿನ ವಾಸನೆ ಒಟ್ಟಿಗೆ ಬರುತ್ತಿತ್ತು. ಅಮಾವಾಸ್ಯೆ ಬಂದರೆ ಆಯಿ ಅದರ ಮೂತಿಗೆ ವಿಭೂತಿ ಬಳಿದು, ಎತ್ತಿಗೆ ಹೇಳುವ ಹಾಗೆಯೇ "ಮೈಯಾಗ ಹುಷಾರದೀಯಪ್ಪಾ?" ಎಂದು ಕೇಳುತ್ತಿದ್ದಳು. ನಮಗೆ ಎರಡು ಕಡೆ ಹೊಲ. ಮಸರಕಲ್ಲಿನ ಸುತ್ತ ಕರಿಮಣ್ಣಿನ ಎರೆ ಹೊಲ, ಮಳೆ ನಂಬಿದ್ದು. ಅದನ್ನು ಅಪ್ಪ ನೋಡುತ್ತಿದ್ದ. ಮಾನ್ವಿ ಕಡೆ ಆಯಿಯ ತವರಿನಿಂದ ಬಂದ ಕೆನಾಲಿನ ಗದ್ದೆ. ಅದನ್ನು ನೋಡುವವನು ಕಾಕಾ. ಕಾಕಾ ಭತ್ತದ ಕಾಲಕ್ಕೆ ವಾರಗಟ್ಟಲೆ ಅಲ್ಲಿಯೇ ಇದ್ದು, ಮೊಣಕಾಲ ತನಕ ಒಣಗಿದ ಕೆಸರು ಹೊತ್ತು ಬರುತ್ತಿದ್ದ. ಟ್ರ್ಯಾಕ್ಟರು ಮಾತ್ರ ಎರಡೂ ಕಡೆಯದು.

ಒಂದು ಯುಗಾದಿಯ ಹೊತ್ತಿಗೆ ಅದು ಎರಡು ರೀತಿಯಲ್ಲಿ ಕೈಕೊಟ್ಟಿತು. ಹಿಂದಿನ ಎರಡೂ ದೊಡ್ಡ ಟಾಯರು ಬೋಳಾಗಿದ್ದವು. ಟಾಯರಿನ ಮೇಲೆ ಓರೆಯಾಗಿ ಎದ್ದಿರುವ ರಬ್ಬರಿನ ಪಟ್ಟಿಗೆ ನಮ್ಮ ಕಡೆ ಬಟನ್ ಅನ್ನುತ್ತಾರೆ. ಆ ಬಟನ್ ಎಲ್ಲಿತ್ತು ಎಂದು ಬೆರಳಾಡಿಸಿ ಹುಡುಕಬೇಕಿತ್ತು. ಅದರ ಜತೆಗೆ ಗೇರ್ ಪೆಟ್ಟಿಗೆಯಲ್ಲಿ ಮೊದಲನೇ ಗೇರಿನ ಹಲ್ಲು ಮುರಿದು, ನೇಗಿಲು ಮಣ್ಣಿಗಿಳಿದ ಕೂಡಲೇ ಒಳಗೆ ಕಲ್ಲು ಅರೆದಂತೆ ಸದ್ದಾಗುತ್ತಿತ್ತು. ಹೊಸ ಟ್ರ್ಯಾಕ್ಟರಿನ ಮಾತು ಯಾರೂ ಎತ್ತಲಿಲ್ಲ. ಟಾಯರು ಬದಲಿಸಬೇಕು, ಗೇರು ಸರಿ ಮಾಡಿಸಬೇಕು, ಇಷ್ಟು ಎಲ್ಲರೂ ಒಪ್ಪಿದ್ದರು. ಯಾವ ಟಾಯರು, ಯಾವ ಗೇರು ಎಂಬಲ್ಲಿಗೆ ಬಂದಾಗ ಊಟದ ತಾಟುಗಳು ತಣ್ಣಗಾದವು.

"ನನಗ ಕೆಸರಿನ ಟಾಯರ ಬೇಕು," ಎಂದ ಕಾಕಾ. "ಬಟನ್ ನನ್ನ ಗೇಣಷ್ಟು ಎತ್ತರ ಇರಬೇಕು. ಇಲ್ಲಂದ್ರ ಗದ್ಯಾಗ ಇಳಿದದ್ದು ಮ್ಯಾಲ ಏಳಂಗಿಲ್ಲ."

"ಆ ಟಾಯರ ಹಾಕ್ಕೊಂಡು ದಾರಿ ಮ್ಯಾಲ ಹೋದ್ರ ಬಟನ್ ಆರು ತಿಂಗಳಿಗೆ ತೇದು ಹೋಗ್ತಾವ," ಎಂದ ಅಪ್ಪ. "ಎರಿ ಹೊಲಕ್ಕ ಅಗಲ ಇರೂದು ಬೇಕು. ಗೇರೂ ಅಷ್ಟ, ಸಾವಕಾಶ ಎಳಿಯೂದು ಬೇಕು."

"ಸಾವಕಾಶ! ನೀ ಹೋಗು ವೇಗಕ್ಕ ನಾ ಮಾನ್ವಿ ಮುಟ್ಟೂದರಾಗ ಸಸಿ ಹಣ್ಣಾಗಿರ್ತದ."

"ನೀ ಓಡಿಸು ವೇಗಕ್ಕ ಇಂಜಿನ್ ಮೊದಲ ಮುಟ್ತದ, ನೀ ಹಿಂದಿಂದ ಬರ್ತಿ."

ಅವ್ವ ನಕ್ಕಳು. ಚಿಗವ್ವ ನಗಲಿಲ್ಲ. ಆಯಿ ರೊಟ್ಟಿಯೊಂದನ್ನು ಎತ್ತಿಕೊಂಡು ಮುರಿಯದೆ ಸ್ವಲ್ಪ ಹೊತ್ತು ಹಿಡಿದಿದ್ದಳು. ಆಮೇಲೆ, ತಾನೇ ರಾಯಚೂರಿಗೆ ಬರುವುದಾಗಿ ಹೇಳಿದಳು.

ರಾಯಚೂರಿಗೆ ನಾವು ನಾಲ್ವರು ಬಸ್ಸಿನಲ್ಲಿ ಹೋದೆವು. ಗುಂಪಿನಲ್ಲಿ ಆಯಿಗೆ ತಲೆ ತಿರುಗುತ್ತಿದ್ದುದರಿಂದ ಅವಳ ಕೈ ಹಿಡಿಯಲು ನಾನು. ಟ್ರ್ಯಾಕ್ಟರನ್ನು ಹಿಂದಿನ ದಿನವೇ ಇನ್ನೊಂದು ಗಾಡಿಗೆ ಕಟ್ಟಿ ಎಳೆದು ಒಯ್ದು ಖಾಜಾ ಮಿಸ್ತ್ರಿಯ ಅಂಗಳದಲ್ಲಿ ಬಿಟ್ಟಿದ್ದರು. ಅಲ್ಲಿ ಎಲ್ಲಿ ನೋಡಿದರೂ ಕಬ್ಬಿಣ. ಬಿಸಿಲಿಗೆ ಕಾದ ಕಬ್ಬಿಣದ ನಡುವೆ ಒಂದು ಬೇವಿನ ಮರ, ಅದರ ಕೆಳಗೆ ಟಾಯರುಗಳ ಸಾಲು. ಮಿಸ್ತ್ರಿ ಭಾರಿ ಮಾತುಗಾರ. ಕಂಡ ಕೂಡಲೇ ಚಹಾ ತರಿಸಿದ. ಆಯಿ ಚಹಾ ಬದಿಗಿಟ್ಟು ಟಾಯರುಗಳ ಹತ್ತಿರ ಹೋಗಿ, ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ಮಾಡುವಂತೆ ಒಂದೊಂದನ್ನೂ ಬೆರಳಿನ ಗಂಟಿನಿಂದ ಬಡಿದು ಕಿವಿಗೊಟ್ಟು ಕೇಳಿದಳು.

"ಅರೆ ಅಮ್ಮಾ, ಅದು ಗಡಿಗಿ ಅಲ್ರೀ, ಟಾಯರ!" ಎಂದು ಮಿಸ್ತ್ರಿ ನಕ್ಕ.

"ನೀರು ಸೋರೂದೂ ಗಾಳಿ ಸೋರೂದೂ ಒಂದ, ಸುಮ್ಕಿರು," ಎಂದಳು ಆಯಿ.

ಅವನ ಬಳಿ ಆ ದಿನ ನಮ್ಮ ಗಾಲಿಗೆ ಹೊಂದುವ ಎರಡು ಬಗೆಯ ಟಾಯರುಗಳಿದ್ದವು. ಒಂದು ಬಗೆ ಕೆಸರಿನದು: ಎತ್ತರದ ಬಟನ್, ನಡುನಡುವೆ ಆಳದ ಸಂದು. ಇನ್ನೊಂದು ಒಣಭೂಮಿಯದು: ಅಗಲ, ತಗ್ಗು ಬಟನ್. ಗಾಲಿಯ ಅಳತೆ ಒಂದೇ ಆದರೂ ಜೊತೆಗಿಟ್ಟು ನೋಡಿದರೆ ಕೆಸರಿನ ಟಾಯರು ನಾಲ್ಕು ಬೆರಳು ಎತ್ತರ. ಅಪ್ಪ ಒಂದರ ಮೇಲೆ ಕೈಯಿಟ್ಟು ನಿಂತ, ಕಾಕಾ ಇನ್ನೊಂದರ ಮೇಲೆ. ಇಬ್ಬರೂ ಮಿಸ್ತ್ರಿಗೆ ಹೇಳುವಂತೆ ನಟಿಸುತ್ತ ಒಬ್ಬರಿಗೊಬ್ಬರು ಹೇಳಿಕೊಂಡರು. ದನಿ ಏರಿತು. ಅಕ್ಕಪಕ್ಕದ ಅಂಗಡಿಯವರು ಬಂದು ನಿಂತರು. ಕಾಕಾ "ಹಂಗಾದ್ರ ಬ್ಯಾರೆ ಮಾಡಿಕೊಡ್ರಿ ನಂದು" ಎಂದುಬಿಟ್ಟ. ಆ ಮಾತು ಮನೆಯೊಳಗೆ ಯಾರೂ ಬಾಯಿ ಬಿಟ್ಟು ಆಡಿರಲಿಲ್ಲ. ಆಯಿಯ ಕೈ ನನ್ನ ಕೈಯಲ್ಲಿತ್ತು. ಅದನ್ನು ಬಿಡಿಸಿಕೊಂಡು ಅವಳು ಮಿಸ್ತ್ರಿಯ ಮುಂದೆ ಹೋಗಿ ನಿಂತಳು.

"ಎಡಕ್ಕ ಅವಂದು ಹಾಕು, ಬಲಕ್ಕ ಇವಂದು ಹಾಕು," ಎಂದಳು ಆಯಿ.

ಮಿಸ್ತ್ರಿ ಬೀಡಿ ಬಾಯಿಂದ ತೆಗೆದ. "ಏನಂದ್ರಿ?"

"ಒಂದ್ ಒಂದು. ಅವನಿಗೂ ಬ್ಯಾಸರ ಇಲ್ಲ, ಇವನಿಗೂ ಇಲ್ಲ."

"ಅಮ್ಮಾ, ಹಾಕ್ತೀನಿ. ಓಡ್ತದ ಭೀ. ಆದ್ರ ಗಾಡಿ ಸೀದಾ ಹೋಗಂಗಿಲ್ರೀ."

"ನಮ್ಮ ಮನ್ಯಾಗ ಸೀದಾ ಹೋಗಾವ್ರು ಯಾರದಾರ? ಹಾಕು."

ಸುತ್ತ ನಿಂತವರು ನಕ್ಕರು. ಮಿಸ್ತ್ರಿಯೂ ನಕ್ಕ. ನಗು ಬಂದದ್ದರಿಂದ ಮಾತು ಅಲ್ಲಿಗೆ ಮುಗಿಯಿತು. ಆ ನಗು ಬಾರದೆ ಹೋಗಿದ್ದರೆ ಅವನು ಇನ್ನೇನಾದರೂ ಹೇಳುತ್ತಿದ್ದನೋ ಏನೋ. ನಾನು ಎಷ್ಟೋ ಸಲ ಯೋಚಿಸಿದ್ದೇನೆ, ಗೊತ್ತಾಗುವುದಿಲ್ಲ.

ಗೇರಿನ ವಿಷಯದಲ್ಲಿ ಜಗಳವೇ ಆಗಲಿಲ್ಲ. ಮಿಸ್ತ್ರಿ ಎರಡು ದಾರಿ ತೋರಿಸಿದ. ಇದ್ದ ಪೆಟ್ಟಿಗೆಯನ್ನೇ ಬಿಚ್ಚಿ, ಮುರಿದ ಗೇರಿಗೆ ಹಲ್ಲು ಕಟ್ಟಿಸಿ ಹಾಕುವುದು ಒಂದು. ಶಕ್ತಿನಗರದ ಕಡೆ ಮಣ್ಣು ಹೊತ್ತು ಹೊತ್ತು ಮೂಲೆಗೆ ಬಿದ್ದ ಅದೇ ಜಾತಿಯ ಟ್ರ್ಯಾಕ್ಟರಿನ ಇಡೀ ಪೆಟ್ಟಿಗೆ ಕೂರಿಸುವುದು ಇನ್ನೊಂದು. ಆ ಪೆಟ್ಟಿಗೆಗೆ ಗೇರಿನ ಕೋಲಿನ ಜತೆಗೆ ಸೀಟಿನ ಬಲಗಡೆ ಕೆಳಗೆ ಇನ್ನೊಂದು ಗಿಡ್ಡ ಕೋಲು ಇತ್ತು. ಅದನ್ನು ಹಿಂದೆ ಎಳೆದರೆ ಎಲ್ಲ ಗೇರೂ ನಿಧಾನ, ಮುಂದೆ ತಳ್ಳಿದರೆ ಎಲ್ಲ ಗೇರೂ ಜೋರು. ಹಿಂದಕ್ಕೆ ಎಳೆದಾಗ ಅಪ್ಪನ ಮುಖ ಅರಳಿತು, ಮುಂದಕ್ಕೆ ತಳ್ಳಿದಾಗ ಕಾಕಾನ ಮುಖ. ತಾತ ಹೋದ ಮೇಲೆ ಇಬ್ಬರೂ ಒಂದೇ ಬಾಯಿಂದ "ಇದ ಇರ್ಲಿ" ಎಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಆಯಿ ಸಂತೋಷಕ್ಕೆ ಮಿಸ್ತ್ರಿಯ ತಣ್ಣಗಾದ ಚಹಾ ಕುಡಿದಳು.

ಗಾಡಿ ಮನೆಗೆ ಬಂದಾಗ ಅದರ ನಿಲುವೇ ಬೇರೆಯಾಗಿತ್ತು. ಎಡ ಎತ್ತರ, ಬಲ ತಗ್ಗು. ಒಂದು ಭುಜಕ್ಕೆ ಕೊಡ ಹೊತ್ತ ಹೆಣ್ಣಿನಂತೆ ನಿಲ್ಲುತ್ತಿತ್ತು. ಹೊಲದಲ್ಲಿ ತಕ್ಕ ಮಟ್ಟಿಗೆ ಕೆಲಸ ನಡೆಯಿತು. ದಾರಿಯಲ್ಲಿ ಮಾತ್ರ ಅದು ಎಡಕ್ಕೆ, ಕೆಸರಿನ ಟಾಯರಿನ ಕಡೆಗೆ ಎಳೆಯುತ್ತಿತ್ತು. ಸ್ಟಿಯರಿಂಗ್ ಬಿಗಿ ಹಿಡಿದು ಹಿಡಿದು ಅಪ್ಪನ ರಟ್ಟೆ ನೋಯುತ್ತಿತ್ತು. ಟ್ರ್ಯಾಕ್ಟರಿಗೆ ಬಲಗಡೆ ಅಕ್ಕಪಕ್ಕ ಎರಡು ಬ್ರೇಕ್ ಪೆಡಲು ಇರುತ್ತವೆ, ಹಿಂದಿನ ಎಡ ಚಕ್ರಕ್ಕೆ ಒಂದು, ಬಲ ಚಕ್ರಕ್ಕೆ ಒಂದು. ಹೊಲದಲ್ಲಿ ತಿರುಗಿಸುವಾಗ ಒಂದನ್ನೇ ಒತ್ತುತ್ತಾರೆ. ದಾರಿಗೆ ಬಂದ ಮೇಲೆ ಎರಡನ್ನೂ ಒಂದು ಕೊಂಡಿಯಿಂದ ಕೂಡಿಸಬೇಕು. ಗಾಡಿ ಎಡಕ್ಕೆ ಎಳೆದಾಗಲೆಲ್ಲ ಬಲದ ಪೆಡಲನ್ನು ತುಸು ತಟ್ಟಿದರೆ ನೆಟ್ಟಗಾಗುತ್ತದೆ ಎಂದು ಅಪ್ಪ ಕಂಡುಕೊಂಡ. ಅದಕ್ಕೆ ಕೊಂಡಿ ಬಿಚ್ಚಿಯೇ ಇರಬೇಕು. ಕೆಲವೇ ವಾರಗಳಲ್ಲಿ ಅವನ ಬಲಗಾಲು ತಾನಾಗಿಯೇ ಬಲದ ಪೆಡಲಿನ ಮೇಲೆ ಹೋಗಿ ಕೂರುವಂತಾಯಿತು. ಊಟಕ್ಕೆ ಕುಳಿತಾಗಲೂ ಆ ಪಾದ ನೆಲವನ್ನು ತಟ್ಟುತ್ತಿತ್ತು.

ಎರಡನೇ ತೊಡಕು ಆ ಗಿಡ್ಡ ಕೋಲಿನದು. ಇಳಿಜಾರಿನಲ್ಲಿ ಹಿಂದಿನ ಟ್ರಾಲಿ ನೂಕಿತೆಂದರೆ ಅದು ಜೋರಿನ ಮನೆಯಿಂದ ಕಳಚಿ ನಡುವೆ ಬಂದು ನಿಲ್ಲುತ್ತಿತ್ತು. ಆಗ ಇಂಜಿನ್ನಿಗೂ ಗಾಲಿಗೂ ಸಂಬಂಧವೇ ಇರುತ್ತಿರಲಿಲ್ಲ. ಅದಕ್ಕೆ ಕಾಕಾ ಬಲಗಡೆಯ ಮಡ್‌ಗಾರ್ಡಿನ ಮೇಲೆ ಕುಳಿತು, ಬಗ್ಗಿ, ಆ ಕೋಲನ್ನು ಕೈಯಲ್ಲಿ ಒತ್ತಿ ಹಿಡಿಯುತ್ತಿದ್ದ. ಹೀಗಾಗಿ ಗಾಡಿ ದಾರಿಗಿಳಿದರೆ ಇಬ್ಬರೂ ಬೇಕು: ಹಿಡಿಯಲು ಒಬ್ಬ, ಒತ್ತಲು ಒಬ್ಬ. ಬೇರೆ ಯಾರಾದರೂ ಆಗಿದ್ದರೆ ರಾಯಚೂರಿಗೆ ಹೋಗಿ ಮಿಸ್ತ್ರಿಯ ಕುತ್ತಿಗೆ ಹಿಡಿಯುತ್ತಿದ್ದರು. ನಮ್ಮ ಮನೆಯಲ್ಲಿ ಅದನ್ನು ಸರಿ ಮಾಡಿಸುವ ಮಾತಿಗೆ ಆಯಿಯೇ ಅಡ್ಡ ಬಂದಳು.

"ಇರ್ಲಿ ಬಿಡ್ರಿ. ಇಬ್ಬರು ಕೂಡಿದ್ರ ನಡೀತದ, ಇಲ್ಲಂದ್ರ ಇಲ್ಲ. ಅದಕ್ಕಿರು ಬುದ್ಧಿ ನಿಮಗಿಲ್ಲ."

ಅವಳು ಹೊಸ್ತಿಲಲ್ಲಿ ನಿಂತು, ಇಬ್ಬರು ಮಕ್ಕಳು ಒಂದೇ ಗಾಡಿಯ ಮೇಲೆ ಮೈಗೆ ಮೈ ತಾಗಿಸಿ ಕುಳಿತು ಹೋಗುವುದನ್ನು ಓಣಿ ತಿರುಗುವ ತನಕ ನೋಡುತ್ತಿದ್ದಳು. ಒಳಗೆ ಅವ್ವ ಮತ್ತು ಚಿಗವ್ವ ದಸರೆಯಿಂದ ಮಾತು ಬಿಟ್ಟಿದ್ದರು. ಒಂದು ಗಡಿಗೆ ಮೊಸರಿನ ಕೆನೆಯಿಂದ ಶುರುವಾದದ್ದು ತವರುಮನೆಗಳ ತನಕ ಹೋಗಿತ್ತು. ಉಪ್ಪಿನ ಡಬ್ಬಿ ನನ್ನ ಕೈಯಲ್ಲಿತ್ತು.

ಎಳ್ಳಮಾವಾಸ್ಯೆಗೆ ನಮ್ಮ ಕಡೆ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿಗೆ ಎಡೆ ಚೆಲ್ಲಿ, ಅಲ್ಲಿಯೇ ಉಣ್ಣುತ್ತಾರೆ. ಅದಕ್ಕೆ ಚರಗ ಚೆಲ್ಲುವುದು ಅನ್ನುತ್ತಾರೆ. ಆ ವರ್ಷ ಆಯಿ ತನ್ನ ತವರಿನ ಗದ್ದೆಗೆ ಚರಗ ಚೆಲ್ಲಬೇಕೆಂದಳು. ಸಜ್ಜೆ ಕಡುಬು, ಶೇಂಗಾ ಹೋಳಿಗೆ, ಪುಂಡಿಪಲ್ಯ, ಎಣ್ಣೆಗಾಯಿ ಎಲ್ಲ ಎರಡು ಬುಟ್ಟಿಗಳಲ್ಲಿ ತುಂಬಿ, ಮೇಲೆ ಬಿಳಿ ಬಟ್ಟೆ ಕಟ್ಟಿ, ನಸುಕಿನ ಚಳಿಯಲ್ಲಿ ಹೊರಟೆವು. ಅಪ್ಪ ಸೀಟಿನಲ್ಲಿ, ಕಾಕಾ ಬಲದ ಮಡ್‌ಗಾರ್ಡಿನ ಮೇಲೆ. ಟ್ರಾಲಿಯಲ್ಲಿ ಹುಲ್ಲು ಹಾಸಿ ನಾವು: ಆಯಿ, ಅವ್ವ, ಚಿಗವ್ವ, ಚಿಗವ್ವನ ಮಡಿಲಲ್ಲಿ ಅವಳ ಕೂಸು. ನಾನು ಟ್ರಾಲಿಯ ಮುಂದಿನ ಹಲಗೆ ಹಿಡಿದು ನಿಂತಿದ್ದೆ. ಆದ್ದರಿಂದ ಅಣ್ಣತಮ್ಮಂದಿರ ಬೆನ್ನುಗಳು ನನಗೆ ಎಲ್ಲರಿಗಿಂತ ಹತ್ತಿರ ಇದ್ದವು.

ಮಾನ್ವಿ ಕಡೆಗೆ ಬಂದ ಮೇಲೆ ದಾರಿ ಕೆನಾಲಿನ ಸೇತುವೆ ಏರಿ, ಅಲ್ಲಿಂದ ಬಲಕ್ಕೆ ನೀರನ್ನು ಇಟ್ಟುಕೊಂಡು ಏರಿಯ ಮೇಲೆ ಇಳಿಯುತ್ತದೆ. ಎಡಕ್ಕೆ ಗಾರೆಯಿಲ್ಲದೆ ಕಲ್ಲು ಪೇರಿಸಿದ ಗೋಡೆ, ಬಲಕ್ಕೆ ಕೆನಾಲು. ಆ ಕಾಲಕ್ಕೆ ನೀರು ದಂಡೆಗೆ ಸಮನಾಗಿ ಹರಿಯುತ್ತಿತ್ತು. ಮೇಲೆ ನೋಡಿದರೆ ಚಲನೆಯೇ ಕಾಣದು. ಒಂದು ಒಣ ಹುಲ್ಲಿನ ಎಳೆ ಬಿದ್ದರೆ ಅದು ಹೋಗುವ ವೇಗ ನೋಡಿ ಗೊತ್ತಾಗುತ್ತಿತ್ತು. ಸೇತುವೆ ಏರುವಾಗಲೇ ಅವರಿಬ್ಬರ ಮಾತು ನಡೆದಿತ್ತು. ಇಂಜಿನ್ನಿನ ಸದ್ದಿನಲ್ಲಿ ನನಗೆ ಕೇಳಿಸಿದ್ದನ್ನಷ್ಟೇ ಬರೆಯುತ್ತೇನೆ. ಚಿಗವ್ವ ಇದನ್ನು ಬೇರೆ ರೀತಿ ಹೇಳುತ್ತಾಳೆ.

"ಅಣ್ಣಾ, ನಾ ಮಾನ್ವ್ಯಾಗ ಒಂದು ಖೋಲಿ ನೋಡೀನಿ. ಹೆಂಡ್ತಿ ಕೂಸಿನ್ನ ಕರಕೊಂಡು ಅಲ್ಲೇ ಇರ್ತೀನಿ."

"ಯಾವಾಗಿಂದ?"

"ಸಂಕ್ರಮಣ ಆದ ಮ್ಯಾಲ."

"ಅಲ್ಲಿ ಒಲಿ ಹಚ್ಚಾಂವ ನೀ."

"ಉಣ್ಣಾಕ ಒಲಿ ಬ್ಯಾಡೇನು? ಹಸಿ ಅಕ್ಕಿ ತಿನ್ನಲಿ?"

"ಯವ್ವನ ಮುಂದ ಹೇಳು. ನನ್ನ ಮುಂದ ಏನ್ ಹೇಳ್ತಿ? ಧೈರ್ಯ ಇದ್ರ ಆಕಿ ಮುಂದ ಹೇಳು."

"ಹೇಳ್ತೀನಿ. ಈಗ ಹೇಳ್ಲೇನು? ಹಿಂದ ಕುಂತಾಳ, ಈಗ ಹೇಳ್ತೀನಿ!"

ಹಾಗೆಂದು ಕಾಕಾ ಹಿಂದಕ್ಕೆ ತಿರುಗಿ, ಆಯಿಯ ಕಡೆಗೆ ಕೈ ಮಾಡಿದ. ಕೋಲನ್ನು ಒತ್ತಿ ಹಿಡಿದಿದ್ದ ಕೈ ಅದು.

ನಾನು ಕಂಡದ್ದು ಅವನ ಬಿಚ್ಚಿದ ಅಂಗೈಯನ್ನು. ಅದರಲ್ಲಿ ಕೋಲಿನ ಗುಂಡು ತುದಿ ಒತ್ತಿ ಮೂಡಿಸಿದ ಕೆಂಪು ಗುರುತು ಇತ್ತು. ಕೆಳಗೆ ಟಕ್ ಎಂದಿತು. ಇಂಜಿನ್ನಿನ ಸದ್ದು ಒಮ್ಮೆಲೇ ಹಗುರವಾಯಿತು, ಭಾರ ಇಳಿಸಿದವರ ಉಸಿರಿನಂತೆ. ಗಾಡಿ ಮಾತ್ರ ಜೋರಾಯಿತು. ಟ್ರಾಲಿ ಹಿಂದಿನಿಂದ ಒಂದು ಗುದ್ದು ಕೊಟ್ಟಿತು, ನನ್ನ ಗದ್ದ ಹಲಗೆಗೆ ಬಡಿಯಿತು. ಅಪ್ಪನ ಬಲಗಾಲು ಎಷ್ಟೋ ತಿಂಗಳಿಂದ ಕಲಿತ ಕೆಲಸವನ್ನೇ ಮಾಡಿತು: ಬಲದ ಪೆಡಲನ್ನು, ಅದೊಂದನ್ನೇ, ಪೂರಾ ತುಳಿಯಿತು. ಬಲಗಾಲಿ ಕಚ್ಚಿಕೊಂಡಿತು, ಎಡಗಾಲಿ ಓಡಿತು. ಗಾಡಿಯ ಮೂತಿ ನೀರಿನ ಕಡೆಗೆ ತಿರುಗಿತು. ಆಗ ನನ್ನ ಎದುರಿಗೆ ದಾರಿ ಇರಲಿಲ್ಲ, ಅಪ್ಪನ ತಲೆಯ ಮೇಲಿಂದ ಕೆನಾಲಿನ ಆಚೆ ದಂಡೆಯ ಜಾಲಿ ಗಿಡ ಕಂಡಿತು.

"ಎಡಾ! ಎಡಾ ತುಳಿ!" ಎಂದು ಅಪ್ಪ ಕೂಗಿದ. ಯಾರಿಗೆ ಕೂಗಿದನೋ ತನಗೇ ಗೊತ್ತಿರಲಿಲ್ಲವಂತೆ. ಕಾಲು ಎತ್ತಿ ಎರಡೂ ಪೆಡಲಿನ ಮೇಲೆ ಅಡ್ಡ ಇಡಲು ಅವನಿಗೆ ಧೈರ್ಯವಾಗಲಿಲ್ಲ. ಎತ್ತಿದ ಆ ಗಳಿಗೆಯಲ್ಲಿ ಟ್ರಾಲಿ ನಮ್ಮನ್ನು ನೂಕಿಬಿಡುತ್ತಿತ್ತು. ಕಾಕಾ ಮಡ್‌ಗಾರ್ಡಿನ ಕಬ್ಬಿಣ ಹಿಡಿದು, ಇಡೀ ಮೈಯನ್ನು ಕೆಳಗೆ ಜಾರಿಸಿ, ಎಡಗಾಲನ್ನು ಅಪ್ಪನ ಕಾಲಿನ ಮೇಲಿಂದ ಚಾಚಿ, ಹಿಮ್ಮಡಿಯಿಂದ ಎಡದ ಪೆಡಲನ್ನು ತುಳಿದ. ಗಾಡಿ ಒಮ್ಮೆ ಎಡಕ್ಕೆ ಜೋಲಿ ಹೊಡೆಯಿತು, ಮತ್ತೆ ಬಲಕ್ಕೆ ವಾಲಿತು, ನಿಂತಿತು.

ಬಲಗಡೆಯ ಮುಂದಿನ ಸಣ್ಣ ಗಾಲಿ ದಂಡೆಯ ಆಚೆ ಇತ್ತು. ಅದರ ಕೆಳಗೆ ನೀರು. ಗಾಲಿ ಇನ್ನೂ ನಿಧಾನವಾಗಿ ತಿರುಗುತ್ತಿತ್ತು.

ನಿಂತದ್ದು ಆ ಎರಡು ಕಾಲುಗಳ ಬಲದಿಂದ ಮಾತ್ರ. ಗೇರಿಗೆ ಹಾಕಲು ಆ ಗಿಡ್ಡ ಕೋಲಿನ ತನಕ ಬಗ್ಗಬೇಕು. ಯಾರು ಬಗ್ಗಿದರೂ ಅವರ ಕಾಲು ಸಡಿಲವಾಗುತ್ತದೆ. ಒಬ್ಬನ ಕಾಲು ಸಡಿಲವಾದರೂ ಗಾಡಿ ಒಂದು ಕಡೆ ತಿರುಗುತ್ತದೆ. ತಿರುಗಲು ಅಲ್ಲಿ ಜಾಗ ಇರಲಿಲ್ಲ.

"ಕಾಲು ತಗೀಬ್ಯಾಡ," ಎಂದ ಅಪ್ಪ. ದನಿ ಕೂಗಿನದಾಗಿರಲಿಲ್ಲ, ಮಲಗಿದ ಕೂಸಿನ ಹತ್ತಿರ ಮಾತಾಡುವ ದನಿ.

"ತಗ್ಯಂಗಿಲ್ಲ."

"ಇನ್ನಷ್ಟು ಒತ್ತು."

"ಒತ್ತೀನಿ ಅಣ್ಣಾ. ನೀ ಒತ್ತು."

"ಒತ್ತಾಕತ್ತೀನಿ."

ಅವ್ವ ಕೂಸನ್ನು ಚಿಗವ್ವನ ಮಡಿಲಿಂದ ಎತ್ತಿ ನನ್ನ ಕೈಗೆ ಕೊಟ್ಟು, ಟ್ರಾಲಿಯ ಹಿಂದಿನಿಂದ ಜಿಗಿದಳು. ಚಿಗವ್ವ ಅವಳ ಹಿಂದೆಯೇ ಜಿಗಿದಳು. ಇಬ್ಬರೂ ಒಂದು ಮಾತನ್ನೂ ಆಡದೆ ಎಡಗಡೆಯ ಗೋಡೆಯಿಂದ ಕಲ್ಲು ಕಿತ್ತು, ಗಾಲಿಗಳ ಮುಂದೆ ತಂದು ಇಟ್ಟರು. ಮೊದಲಿನ ಕಲ್ಲು ಸಣ್ಣದು, ಗಾಲಿಯನ್ನು ತಡೆಯುವಂತಿರಲಿಲ್ಲ. ಆಮೇಲೆ ಇಬ್ಬರೂ ಕೂಡಿ ಒಂದು ದೊಡ್ಡ ಕಲ್ಲಿಗೆ ಕೈ ಹಾಕಿದರು. ಅವ್ವನ ಬಳೆ ಒಡೆದು ಮಣಿಕಟ್ಟಿನಿಂದ ರಕ್ತ ಬಂತು. ಚಿಗವ್ವ ಅದನ್ನು ನೋಡಿ, ಕಲ್ಲಿನ ಭಾರದ ಬದಿಯನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. ನಾನು ಕೂಸನ್ನು ಎದೆಗವಚಿ ಆಯಿಯ ತೋಳು ಹಿಡಿದು ಇಳಿಸಿದೆ. ನಾವು ಇಳಿದಾಗ ಟ್ರಾಲಿ ಅಲುಗಿತು. ಇಬ್ಬರ ಬೆನ್ನೂ ಒಟ್ಟಿಗೆ ಬಿಗಿಯಾದವು. ಕಾಕಾನ ತೊಡೆ ನಡುಗುತ್ತಿತ್ತು. ಅಪ್ಪ ಒಂದು ಕೈಯನ್ನು ಸ್ಟಿಯರಿಂಗಿನಿಂದ ತೆಗೆದು ಕಾಕಾನ ಮೊಣಕಾಲಿನ ಮೇಲಿಟ್ಟು ಒತ್ತಿ ಹಿಡಿದ.

ಆಯಿ ಮುಂದೆ ನಡೆದು ಹೋಗಿ ಗಾಡಿಯ ಪಕ್ಕ ನಿಂತಳು. ಅವಳು ನೀರನ್ನು ನೋಡಲಿಲ್ಲ. ಮಕ್ಕಳ ಮುಖವನ್ನೂ ನೋಡಲಿಲ್ಲ. ಆ ಎರಡು ಕಾಲುಗಳನ್ನು ನೋಡಿದಳು. ಒಂದರ ಮೇಲೊಂದು ಹಾದು ಹೋಗಿದ್ದವು, ಎರಡರ ನರಗಳೂ ಉಬ್ಬಿದ್ದವು. ಬಹಳ ಹೊತ್ತು ನೋಡಿದಳು ಎಂದು ನನಗೆ ಅನ್ನಿಸುತ್ತದೆ. ಕಲ್ಲು ಇಟ್ಟದ್ದಾಯಿತು ಎಂದು ಅವ್ವ ಹೇಳಿದಳು.

"ಇನ್ನ ಬಿಡ್ರಿ," ಎಂದಳು ಆಯಿ.

ಯಾರೂ ಕಾಲು ತೆಗೆಯಲಿಲ್ಲ.

"ಅಣ್ಣಾ, ನೀ ಮೊದಲ ತಗಿ."

"ನೀ ತಗಿ. ನಾ ಹಿಡದೀನಿ."

"ನೀ ತಗಿ ಅಂದ್ನೆಲ್ಲ..."

ಆಯಿ ಎರಡೂ ಕೈ ಚಾಚಿ, ಒಂದೊಂದು ಮೊಣಕಾಲಿನ ಮೇಲೆ ಒಂದೊಂದು ಇಟ್ಟು, "ಇಬ್ರೂ ಕೂಡಿ" ಎಂದಳು. ಎರಡು ಕಾಲೂ ಒಟ್ಟಿಗೆ ಎದ್ದವು. ಗಾಡಿ ಒಂದು ಬೆರಳಿನಷ್ಟು ಸರಿದು ಕಲ್ಲಿಗೆ ಆತು ನಿಂತಿತು. ಅಪ್ಪ ಇಂಜಿನ್ ಆರಿಸಿದ. ಆಮೇಲೆ ಇಬ್ಬರೂ ಎಡಗಡೆಯಿಂದ ಇಳಿದು, ಗೋಡೆಗೆ ಬೆನ್ನು ಕೊಟ್ಟು ಕುಳಿತರು.

ಆಯಿ ಚರಗ ಬಿಡಲಿಲ್ಲ. ಬುಟ್ಟಿಗಳನ್ನು ಹೊತ್ತು ಗದ್ದೆಯ ತನಕ ನಡೆದೆವು. ಎಡೆ ಚೆಲ್ಲಿ, ಬದುವಿನ ಮೇಲೆ ಸಾಲಾಗಿ ಕುಳಿತೆವು. ಯಾರಿಗೂ ಊಟ ಇಳಿಯುತ್ತಿರಲಿಲ್ಲ. ಕಡುಬು ಬಡಿಸುತ್ತ, ತುಪ್ಪದ ಗಿಂಡಿ ಎತ್ತುವಷ್ಟೇ ಸಲೀಸಾಗಿ ಆಯಿ ಹೇಳಿದಳು.

"ಶಿವಪ್ಪಾ, ಖೋಲಿ ಮಾತು ನನಗೂ ಕೇಳಿಸ್ತು. ಮಾನ್ವ್ಯಾಗ ಇರು, ಆ ಗಾಡಿ ನೀ ಇಟಗೋ. ಎರಡೂ ಟಾಯರ ಕೆಸರಿನವ ಹಾಕ್ಸು, ಆ ಗೇರ್ ಕಿತ್ತು ಒಗಿ. ಹಣಮಂತಾ, ನೀ ಎತ್ತು ಕಟ್ಟು. ಎರಿ ಹೊಲಕ್ಕ ಎತ್ತು ಸಾಕು."

ಅಪ್ಪ ತಲೆ ಎತ್ತಲಿಲ್ಲ. ಆ ಗಾಡಿಯ ಸೀಟಿನಲ್ಲಿ ಅವನು ತಾತನ ತೊಡೆಯ ಮೇಲೆ ಕುಳಿತು ಕಲಿತವನು. ಕಾಕಾ ಎತ್ತಿದ ತುತ್ತನ್ನು ಬಾಯಿಗೆ ಒಯ್ಯದೆ ಕೆಳಗಿಟ್ಟ.

"ಯವ್ವಾ, ಒಲಿ..." ಎಂದ. "ನೀ ಅಂದಿದ್ದಿ, ಎರಡನೇ ಒಲಿ ಹತ್ತಿದ ದಿನ..."

"ಅಂದಿದ್ದೆ. ಸಾಯೂದು ಇವತ್ತ ನೋಡೀನಿ. ಒಲಿ ಅದಕ್ಕಿಂತ ಸಣ್ಣದು."

"ನಾವು ಹಿಡದ್ವಿ ಅಲ್ಲವ್ವಾ," ಎಂದ ಅಪ್ಪ. ಅವನ ದನಿಯಲ್ಲಿ ಬೇಡಿಕೆ ಇತ್ತು. "ಇಬ್ರೂ ಕೂಡಿ ಹಿಡದ್ವಿ."

"ಹಿಡದ್ರಿ. ಹಂಗ ಒಂದೊಂದು ಕಾಲು ಚಾಚಿ ಎಷ್ಟು ವರ್ಷ ಕುಂದ್ರತೀರಿ? ನಾ ಕುಂದ್ರಿಸಂಗಿಲ್ಲ."

ಗಾಡಿಯನ್ನು ಅಲ್ಲಿನವರ ಎತ್ತುಗಳಿಂದ ಹಿಂದಕ್ಕೆ ಎಳೆಸಿ ಗದ್ದೆಯ ಬಳಿ ಬಿಟ್ಟು ನಾವು ಬಸ್ಸಿನಲ್ಲಿ ಊರಿಗೆ ಬಂದೆವು. ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ದೊಡ್ಡ ಬಾಗಿಲ ಒಳಗೆ ಗಾಡಿ ನಿಲ್ಲುತ್ತಿದ್ದ ಜಾಗ ಖಾಲಿ ಇತ್ತು, ನೆಲದ ಮೇಲೆ ಎಣ್ಣೆಯ ಕರಿ ಗುರುತು. ಕಾಕಾ ಅದನ್ನು ತುಳಿಯದೆ ಬಳಸಿ ಹೋದ. ಚಿಗವ್ವ ಅವ್ವನ ಮಣಿಕಟ್ಟಿಗೆ ಅರಿಶಿನ ಹಚ್ಚಿ ಬಟ್ಟೆ ಕಟ್ಟಿದಳು. "ಬಿಗಿ ಆತೇನಕ್ಕ?" ಎಂದು ಕೇಳಿದಳು. ದಸರೆಯ ಮೇಲೆ ಅವಳು ಅವ್ವನಿಗೆ ಆಡಿದ ಮೊದಲ ಮಾತು ಅದು. ಉಪ್ಪಿನ ಡಬ್ಬಿಗೆ ಅವತ್ತು ಯಾರೂ ನನ್ನನ್ನು ಕರೆಯಲಿಲ್ಲ.

ಅಪ್ಪ, ಕಾಕಾ ಎಂದಿನಂತೆ ಎದುರುಬದುರು ಕುಳಿತರು. ಹಂಚಿನಿಂದ ಮೊದಲ ರೊಟ್ಟಿ ಇಳಿಯಿತು. ಆಯಿ ಅದನ್ನು ಎರಡು ಕೈಯಲ್ಲಿ ಹಿಡಿದಳು, ಹೆಬ್ಬೆರಳು ನಡುವೆ ಬಂತು. ನಾವೆಲ್ಲ ಆ ಸದ್ದಿಗೆ ಕಾದೆವು. ಅವಳು ರೊಟ್ಟಿಯನ್ನು ಇಡಿಯಾಗಿ ಕಾಕಾನ ತಾಟಿಗೆ ಹಾಕಿದಳು. ಎರಡನೆಯದು ಇಳಿಯಿತು, ಅದನ್ನು ಇಡಿಯಾಗಿ ಅಪ್ಪನ ತಾಟಿಗೆ. ತಾಟಿನ ಅಂಚು ದಾಟಿ ರೊಟ್ಟಿ ಹೊರಗೆ ಚಾಚಿತ್ತು. ಅಷ್ಟು ದೊಡ್ಡದಿರುತ್ತದೆಂದು ಇಬ್ಬರಿಗೂ ಗೊತ್ತೇ ಇರಲಿಲ್ಲವೇನೋ ಎಂಬಂತೆ ನೋಡುತ್ತಿದ್ದರು. ಎಲ್ಲಿಂದ ಮುರಿಯಬೇಕು ಎಂದು ತಿಳಿಯದೆ ಇಬ್ಬರ ಕೈಯೂ ತೊಡೆಯ ಮೇಲೆಯೇ ಇತ್ತು. ಆಯಿ ಸೆರಗಿನಿಂದ ಕೈ ಒರೆಸಿಕೊಂಡು ಎದ್ದು ಹಿತ್ತಲಿಗೆ ಹೋದಳು. ಮಬ್ಬುಗತ್ತಲೆಯಲ್ಲಿ ಅವಳು ಕಲ್ಲು ಉರುಳಿಸುವುದು ಕೇಳಿಸಿತು. ಒಂದನ್ನು ಎತ್ತಿ ನೋಡಿ ಬಿಡುತ್ತಿದ್ದಳು, ಮತ್ತೊಂದನ್ನು ಎತ್ತುತ್ತಿದ್ದಳು. ಒಲೆಗೆ ಮೂರು ಬೇಕು, ಮೂರೂ ಒಂದೇ ಎತ್ತರ ಇರಬೇಕು.